ಅಣ್ಣ ನಂಬುವ ಕಥೆಗಳು

ಓದುಗರ ಪತ್ರ

"ನನ್ನ ಅಣ್ಣ ನಿವೃತ್ತ ಮೆಕ್ಯಾನಿಕಲ್ ಎಂಜಿನಿಯರ್. ಓದಿಕೊಂಡವರು, ಲೆಕ್ಕದಲ್ಲಿ ಗಟ್ಟಿಗರು. ಎರಡು ವರ್ಷದ ಹಿಂದೆ ಅತ್ತಿಗೆ ತೀರಿಕೊಂಡ ಮೇಲೆ ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತಾರೆ. ಮನುಷ್ಯ ಚಂದ್ರನ ಮೇಲೆ ಇಳಿದೇ ಇಲ್ಲವಂತೆ, ವಿಮಾನದ ಹಿಂದಿನ ಬಿಳಿ ಗೆರೆ ವಿಷವಂತೆ, ದೊಡ್ಡವರ ಸಾವೆಲ್ಲ ಯಾರೋ ಮಾಡಿಸಿದ್ದಂತೆ. ಏನಾದರೂ ಹೇಳಿದರೆ 'ನಿನಗೆ ಗೊತ್ತಾಗಲ್ಲ ಬಿಡು' ಅನ್ನುತ್ತಾರೆ. ಮೊಬೈಲ್ ಬಂದ ಮೇಲೆ ಜನಕ್ಕೆಲ್ಲ ಇದೇ ಹುಚ್ಚು ಹಿಡಿದಿದೆಯೇ? ಓದಿದವರೂ ಯಾಕೆ ಹೀಗೆ ನಂಬುತ್ತಾರೆ? ಮನೆಯ ವಾಟ್ಸ್‌ಆ್ಯಪ್ ಗುಂಪಿನಿಂದ ಅವರನ್ನು ತೆಗೆದುಬಿಡೋಣ ಅಂತ ಮಕ್ಕಳು ಹೇಳುತ್ತಿದ್ದಾರೆ. ನಾನೇನು ಮಾಡಲಿ?"
- ಹೆಸರು ಬೇಡ ಎಂದಿರುವ ಓದುಗರು

ಸಂಪಾದಕರ ಉತ್ತರ

ಮೊದಲು 'ಹುಚ್ಚು' ಎಂಬ ಮಾತನ್ನು ಬದಿಗಿಡೋಣ. ನಿಮ್ಮ ಅಣ್ಣನವರ ತಲೆ ಕೆಟ್ಟಿಲ್ಲ. ನಿಮ್ಮ ತಲೆ, ನಮ್ಮ ತಲೆ ಹೇಗೆ ಓಡುತ್ತದೋ ಅವರದ್ದೂ ಹಾಗೇ ಓಡುತ್ತಿದೆ. ಅದಕ್ಕೆ ಸಿಗುತ್ತಿರುವ ಸರಕು ಬೇರೆ, ನಡುವೆ ತಡೆದು "ಇದು ಹೇಗೆ?" ಎಂದು ಕೇಳುವವರು ಪಕ್ಕದಲ್ಲಿಲ್ಲ. ಈ ಎರಡನೆಯದು ನಿಮ್ಮ ಕೈಯಲ್ಲಿದೆ, ಆದ್ದರಿಂದಲೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇವೆ.

ಇದು ಮೊಬೈಲಿನಿಂದ ಹುಟ್ಟಿದ ರೋಗವೇ ಎಂಬುದಕ್ಕೆ ಪತ್ರಿಕೆಯವರಾದ ನಮಗೆ ಹತ್ತಿರವಾದ ಒಂದು ಲೆಕ್ಕ ಇದೆ. ಜೋಸೆಫ್ ಉಸಿನ್‌ಸ್ಕಿ ಮತ್ತು ಜೋಸೆಫ್ ಪೇರೆಂಟ್ ಎಂಬ ಅಮೆರಿಕದ ಇಬ್ಬರು ರಾಜ್ಯಶಾಸ್ತ್ರಜ್ಞರು ನ್ಯೂಯಾರ್ಕ್ ಟೈಮ್ಸ್ ಮತ್ತು ಶಿಕಾಗೋ ಟ್ರಿಬ್ಯೂನ್‌ಗಳಲ್ಲಿ 1890ರಿಂದ 2010ರವರೆಗೆ ಅಚ್ಚಾದ ಓದುಗರ ಪತ್ರಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚನ್ನು ಆರಿಸಿ, ಎಷ್ಟರಲ್ಲಿ ಸಂಚಿನ ಮಾತಿದೆ ಎಂದು ಎಣಿಸಿದರು. ಅಂಥ ಪತ್ರಗಳು ಎರಡು ಬಾರಿ ಎದ್ದು ಕಾಣುವಷ್ಟು ಏರಿದ್ದವು. ಒಂದು 1900ರ ಆಸುಪಾಸು, ದೊಡ್ಡ ಕಂಪನಿಗಳು ಏಕಸ್ವಾಮ್ಯ ಕಟ್ಟಿಕೊಳ್ಳುತ್ತಿದ್ದ ಕಾಲ. ಇನ್ನೊಂದು 1950ರ ಆಸುಪಾಸು, ಕಮ್ಯುನಿಸ್ಟರ ಭಯದ ಕಾಲ. ಇಂಟರ್‌ನೆಟ್ ಬಂದ ವರ್ಷಗಳಲ್ಲಿ ಅಂಥ ಏರಿಕೆ ಇಲ್ಲ. ಯಾವ ಪತ್ರ ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಸಂಪಾದಕರು ಜರಡಿ ಹಿಡಿದಿರುತ್ತಾರೆ, ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೂ "ನಮ್ಮ ಕಾಲದವರಿಗೆ ಮಾತ್ರ ಹೀಗಾಗಿದೆ" ಎಂಬ ಎಣಿಕೆಯನ್ನು ಇದು ಅಲ್ಲಾಡಿಸುತ್ತದೆ.

ಮೊಬೈಲ್ ಬದಲಿಸಿದ್ದು ವೇಗವನ್ನು. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಕೊಟ್ಟರು. 1,500 ಜನರನ್ನು ಮುಟ್ಟಲು ಸುಳ್ಳಿಗೆ ಹಿಡಿದ ಸಮಯದ ಆರರಷ್ಟು ನಿಜಕ್ಕೆ ಬೇಕಾಗಿತ್ತು. ಅದಕ್ಕೆ ತಾವಾಗಿ ಸಂದೇಶ ಹರಡುವ ಯಂತ್ರಗಳು ಕಾರಣವಲ್ಲ, ಹೊಸದು, ಬೆಚ್ಚಿಬೀಳಿಸುವಂಥದ್ದು ಕಂಡರೆ ತಕ್ಷಣ ಮುಂದಕ್ಕೆ ದಾಟಿಸುವ ಮನುಷ್ಯರೇ ಕಾರಣ.

ಮನುಷ್ಯರು ಯಾಕೆ ಹಾಗೆ ಎಂಬುದಕ್ಕೆ 1666ರ ಲಂಡನ್‌ಗೆ ಹೋಗಬೇಕು. ಆ ಸೆಪ್ಟೆಂಬರ್ 2ರ ನಸುಕಿನಲ್ಲಿ ಪುಡ್ಡಿಂಗ್ ಲೇನ್ ಎಂಬ ಓಣಿಯ ಬೇಕರಿಯೊಂದರಲ್ಲಿ ಬೆಂಕಿ ಹೊತ್ತಿತು. ಮಳೆಯಿಲ್ಲದೆ ಒಣಗಿದ್ದ ಮರದ ಮನೆಗಳು, ಒಂದಕ್ಕೊಂದು ಅಂಟಿದ ಸೂರುಗಳು, ಜೋರಾಗಿ ಬೀಸುತ್ತಿದ್ದ ಮೂಡಣ ಗಾಳಿ. ನಾಲ್ಕು ದಿನದಲ್ಲಿ 13,000ಕ್ಕೂ ಹೆಚ್ಚು ಮನೆ ಬೂದಿಯಾದವು. ಇಷ್ಟು ದೊಡ್ಡ ನಗರ ಒಂದು ರೊಟ್ಟಿ ಒಲೆಯಿಂದ ಸುಟ್ಟಿತು ಎಂದರೆ ಯಾರ ಮನಸ್ಸು ಒಪ್ಪುತ್ತದೆ? ಇಂಗ್ಲೆಂಡಿಗೆ ಆಗ ಡಚ್ಚರ ಜೊತೆಗೂ ಫ್ರೆಂಚರ ಜೊತೆಗೂ ಯುದ್ಧ. ಬೀದಿಯಲ್ಲಿ ಕಂಡ ಪರದೇಶಿಗಳಿಗೆ ಏಟು ಬಿತ್ತು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರ ಕೆಲಸಗಾರ ಬೆಂಕಿ ಹಚ್ಚಿದ್ದು ತಾನೇ ಎಂದು ಹೇಳಿಕೆ ಕೊಟ್ಟ. ಮಾತಿಗೊಂದು ಕಥೆ ಬದಲಿಸುತ್ತಿದ್ದ ಅವನನ್ನು ಅಕ್ಟೋಬರ್‌ನಲ್ಲಿ ಗಲ್ಲಿಗೇರಿಸಿದರು. ಬೆಂಕಿ ಹೊತ್ತಿ ಎರಡು ದಿನವಾದ ಮೇಲಷ್ಟೇ ಅವನು ಲಂಡನ್ನಿಗೆ ಇಳಿದದ್ದು ಎಂದು ಅವನನ್ನು ಕರೆತಂದ ಹಡಗಿನ ಕಪ್ತಾನನಿಂದ ತಿಳಿದಾಗ ಹ್ಯೂಬರ್ಟ್ ಬದುಕಿರಲಿಲ್ಲ. ಆದರೂ ಕಥೆ ಸಾಯಲಿಲ್ಲ. ಕ್ಯಾಥೊಲಿಕರೇ ಬೆಂಕಿಯಿಟ್ಟರು ಎಂಬ ಸಾಲನ್ನು 1681ರಲ್ಲಿ ಸ್ಮಾರಕಸ್ತಂಭದ ಮೇಲೆ ಕೆತ್ತಿಸಿದರು. ಅದನ್ನು ಕೊನೆಗೂ ಅಳಿಸಿದ್ದು 1830ರಲ್ಲಿ.

ದೊಡ್ಡ ಅನಾಹುತಕ್ಕೆ ದೊಡ್ಡ ಕಾರಣವೇ ಇರಬೇಕು ಎಂಬ ಈ ಒತ್ತಾಯ ಎಲ್ಲರೊಳಗೂ ಇದೆ. 1979ರಲ್ಲಿ ಮನಶ್ಶಾಸ್ತ್ರಜ್ಞರು ಇದನ್ನು ಸರಳವಾಗಿ ಪರೀಕ್ಷಿಸಿದರು. ಅಧ್ಯಕ್ಷರೊಬ್ಬರ ಮೇಲೆ ಗುಂಡು ಹಾರಿಸಿದ ಕಥೆ ಕೊಟ್ಟು, ಕೆಲವರಿಗೆ ಅಧ್ಯಕ್ಷ ಸತ್ತನೆಂದೂ ಉಳಿದವರಿಗೆ ಬದುಕಿದನೆಂದೂ ಹೇಳಿದರು. ಸತ್ತನೆಂದು ಓದಿದವರು 'ಸಂಚು ನಡೆದಿರಬೇಕು' ಎನ್ನುವುದು ಹೆಚ್ಚಾಗಿತ್ತು. ಗುಂಡು ಒಂದೆರಡು ಅಂಗುಲ ಆಚೆ ಹೋದರೆ ಒಬ್ಬನ ಕೆಲಸ, ತಗುಲಿದರೆ ಹತ್ತು ಜನರ ಸಂಚು! ನಿಮ್ಮ ಅಣ್ಣನವರು ದೊಡ್ಡವರ ಸಾವಿನ ಬಗ್ಗೆ ಹೇಳುವುದೆಲ್ಲ ಈ ಮಾತಿಗೇ ಸೇರುತ್ತದೆ.

ಅಮೆರಿಕದ ಅಧ್ಯಕ್ಷ ಕೆನಡಿಯ ಕೊಲೆಯನ್ನೇ ಹತ್ತಿರದಿಂದ ನೋಡಿ. ಗ್ಯಾಲಪ್ ಸಮೀಕ್ಷೆಯಲ್ಲಿ 'ಒಬ್ಬನದ್ದಲ್ಲ, ಸಂಚು' ಎಂದವರು 1963ರಲ್ಲಿ ಶೇ. 52, ಅರವತ್ತು ವರ್ಷ ಕಳೆದು 2023ರಲ್ಲಿ ಶೇ. 65. ಕೊಲೆಯಾದ 1963ರ ನವೆಂಬರ್ 22ರ ಮಧ್ಯಾಹ್ನ ಡಲ್ಲಾಸ್‌ನಲ್ಲಿ ಬಿಸಿಲಿತ್ತು. ಅಧ್ಯಕ್ಷರ ಕಾರು ಹಾದುಹೋಗುವ ರಸ್ತೆಯ ಅಂಚಿನಲ್ಲಿ ಒಬ್ಬ ಮಾತ್ರ ಕಪ್ಪು ಕೊಡೆ ಬಿಚ್ಚಿ ಎತ್ತಿ ಹಿಡಿದು ನಿಂತಿದ್ದ. ಅವನ ಎದುರಿಗೆ ಕಾರು ಬರುವ ಹೊತ್ತಿಗೇ ಗುಂಡಿನ ಸದ್ದು. ಬಿಸಿಲಲ್ಲಿ ಕೊಡೆ ಯಾಕೆ? ಬಂದೂಕುಧಾರಿಗಳಿಗೆ ಸನ್ನೆ ಎಂದರು ಕೆಲವರು. ಕೊಡೆಯೊಳಗಿಂದಲೇ ವಿಷದ ಮುಳ್ಳು ಹಾರಿಸಿದ ಎಂದು ಚಿತ್ರ ಬರೆದು ತೋರಿಸಿದರು ಇನ್ನು ಕೆಲವರು. ಹದಿನೈದು ವರ್ಷ ಆ ಕೊಡೆಗೆ ಬೇರೆ ಅರ್ಥವೇ ಸಾಧ್ಯವಿರಲಿಲ್ಲ. 1978ರಲ್ಲಿ ಆ ಮನುಷ್ಯ ಸಂಸತ್ತಿನ ತನಿಖಾ ಸಮಿತಿಯ ಮುಂದೆ ಬಂದು ಕುಳಿತ. ಕೊಡೆ ಅವನ ಪ್ರತಿಭಟನೆಯಾಗಿತ್ತು. ಎರಡನೇ ಮಹಾಯುದ್ಧಕ್ಕೆ ಮೊದಲು ಹಿಟ್ಲರನನ್ನು ಓಲೈಸಿದ ಬ್ರಿಟನ್ ಪ್ರಧಾನಿ ಚೇಂಬರ್ಲೇನ್ ಸದಾ ಕೊಡೆ ಹಿಡಿದೇ ಇರುತ್ತಿದ್ದರು. ಅವರನ್ನು ಬೆಂಬಲಿಸಿದ್ದು ಆಗ ಲಂಡನ್‌ನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ, ಕೆನಡಿಯ ತಂದೆ. ಮಗನನ್ನು ಚುಚ್ಚಲೆಂದು ಕೊಡೆ!

ಹೀಗೂ ಇರಬಹುದು ಎಂದು ಮನೆಯಲ್ಲಿ ಕೂತು ಯಾರಿಗೆ ಹೊಳೆಯುತ್ತದೆ? ಸಂಚಿನ ಕಥೆ ನೇಯುವವರು ಇದನ್ನೇ ಮರೆಯುತ್ತಾರೆ. ಯಾವ ಘಟನೆಯನ್ನಾದರೂ ಚೌಕಟ್ಟು ಚೌಕಟ್ಟಾಗಿ ನಿಲ್ಲಿಸಿ ನೋಡಿದರೆ ಇಂಥ ಒಂದು ಕೊಡೆ ಸಿಕ್ಕೇ ಸಿಗುತ್ತದೆ. ನಿನ್ನೆ ಸಂಜೆಯ ಬಸ್ ನಿಲ್ದಾಣವನ್ನು ಹತ್ತು ನಿಮಿಷ ಚಿತ್ರೀಕರಿಸಿದ್ದರೆ ಅದರಲ್ಲೂ ವಿವರಿಸಲಾಗದ ಐದಾರು ಸಂಗತಿ ಇರುತ್ತವೆ. ಅಲ್ಲಿ ಏನೂ ಆಗಲಿಲ್ಲವಾದ್ದರಿಂದ ಯಾರೂ ಹುಡುಕುವುದಿಲ್ಲ, ಅಷ್ಟೇ.

ಕಣ್ಣು ಅಡ್ಡಾದಿಡ್ಡಿ ಚುಕ್ಕಿಗಳಲ್ಲೂ ಆಕಾರ ಹುಡುಕುತ್ತದೆ. ಮಹಾಯುದ್ಧದ ಕೊನೆಯಲ್ಲಿ ಜರ್ಮನಿಯ ವಿ-1 ಹಾರುಬಾಂಬುಗಳು ಲಂಡನ್ನಿನ ಕೆಲವು ಜಾಗಗಳಲ್ಲೇ ಗುಂಪಾಗಿ ಬೀಳುತ್ತಿವೆ ಎಂದು ಜನ ಹೇಳುತ್ತಿದ್ದರು. ಆರ್. ಡಿ. ಕ್ಲಾರ್ಕ್ ಎಂಬ ವಿಮಾ ಗಣಿತಜ್ಞ ನಗರದ ದಕ್ಷಿಣ ಭಾಗವನ್ನು ತಲಾ ಕಾಲು ಚದರ ಕಿಲೋಮೀಟರಿನ 576 ಚೌಕ ಮಾಡಿ, ಬಿದ್ದ 537 ಬಾಂಬುಗಳನ್ನು ಎಣಿಸಿದ. ಗುರಿಯಿಲ್ಲದೆ ಬಿದ್ದರೆ ಸುಮಾರು 227 ಚೌಕಗಳಿಗೆ ಒಂದೂ ತಗುಲಬಾರದು. ತಗುಲದೆ ಉಳಿದವು 229. ನಾಲ್ಕು ಬಾಂಬು ಬೀಳಬೇಕಾದ ಚೌಕಗಳು 7, ಬಿದ್ದವೂ 7. ಬರೀ ಆಕಸ್ಮಿಕ ಎಂಬುದು ನಾವು ಊಹಿಸುವಷ್ಟು ಸಮನಾಗಿ ಹರಡಿರುವುದಿಲ್ಲ. ನೀವೇ 100 ಸಲ ನಾಣ್ಯ ಚಿಮ್ಮಿ ಬರೆದಿಡಿ. ಎಲ್ಲೋ ಒಂದು ಕಡೆ ಒಂದೇ ಮುಖ ಸಾಲಾಗಿ ಆರೇಳು ಬಾರಿ ಬಂದಿರುವ ಸಾಧ್ಯತೆಯೇ ಹೆಚ್ಚು. ಚಿಮ್ಮದೆ ಮನಸ್ಸಿನಿಂದ ಬರೆಯಲು ಹೇಳಿದರೆ ನಾಲ್ಕಕ್ಕಿಂತ ಮುಂದೆ ಹೋಗಲು ಕೈ ಹಿಂಜರಿಯುತ್ತದೆ.

ಓದಿದವರೂ ಯಾಕೆ ಎಂದು ಕೇಳಿದ್ದೀರಿ. ಓದು ಒಟ್ಟಾರೆ ಈ ನಂಬಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ, ನಿಜ. ಆದರೆ ಒಮ್ಮೆ ನಂಬಿದವರಿಗೆ ಅದೇ ಓದು ವಾದದ ಆಯುಧವಾಗುತ್ತದೆ. ಎಂಜಿನಿಯರರ ವಿಷಯದಲ್ಲಿ ನಮಗೆ ಇನ್ನೊಂದು ಅನ್ನಿಸುತ್ತದೆ. ಯಂತ್ರದಲ್ಲಿ ಒಂದು ಬೋಲ್ಟೂ ತಾನಾಗಿ ಬಂದು ಕೂರುವುದಿಲ್ಲ, ಯಾರೋ ಯೋಚಿಸಿ ಇಟ್ಟಿರುತ್ತಾರೆ. ನಲವತ್ತು ವರ್ಷ ಹಾಗೆ ನೋಡಿದ ಕಣ್ಣು ಜಗತ್ತನ್ನೂ ಹಾಗೇ ನೋಡಿದರೆ ಆಶ್ಚರ್ಯವಿಲ್ಲ.

ಅತ್ತಿಗೆಯ ಸಾವನ್ನು ನೀವು ಪತ್ರದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮಗೆ ಇಡೀ ಪತ್ರದಲ್ಲಿ ಅದೇ ಮುಖ್ಯವಾಗಿ ಕಂಡಿತು. ಬದುಕು ಕೈತಪ್ಪಿ ಹೋದಾಗ ಮನುಷ್ಯ ಕಾರಣ ಹುಡುಕುತ್ತಾನೆ. ಯಾರದ್ದೂ ತಪ್ಪಿಲ್ಲದೆ ಹೀಗಾಯಿತು ಎಂಬುದಕ್ಕಿಂತ ಯಾರೋ ಮಾಡಿದರು ಎಂಬುದು ಸಹಿಸಲು ಸುಲಭ. ಮಾಡಿದವರಿದ್ದರೆ ತಡೆಯಲೂ ಬಹುದಲ್ಲವೇ? ಜೊತೆಗೆ, ರಾತ್ರಿ ಎರಡು ಗಂಟೆಗೆ ಅವರು ಏನೋ ಬರೆದರೆ "ಸರಿಯಾಗಿ ಹೇಳಿದಿರಿ ಸರ್" ಎನ್ನುವವರು ಇಂಥ ಕಥೆಗಳು ಹರಿದಾಡುವ ಫೋನಿನ ಗುಂಪಿನಲ್ಲಿದ್ದಾರೆ. ನಿವೃತ್ತಿಯ ನಂತರ ಆ 'ಸರ್' ಮತ್ತೆಲ್ಲಿ ಕೇಳಿಸುತ್ತದೆ? ಪುನರಾವರ್ತನೆಯ ಬಲ ಬೇರೆ. ಒಂದೇ ಮಾತನ್ನು ಎರಡು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ತೋರಿಸಿದರೆ ಅದು ನಿಜವೆನ್ನಿಸುತ್ತಾ ಹೋಗುತ್ತದೆ ಎಂದು 1977ರ ಪ್ರಯೋಗವೊಂದು ಕಂಡಿತ್ತು. ಗೊತ್ತಿರುವ ವಿಷಯದಲ್ಲೂ ಹೀಗಾಗುತ್ತದೆ ಎಂದು ಆಮೇಲಿನ ಪ್ರಯೋಗಗಳು ತೋರಿಸಿವೆ.

ಈಗ ಅವರ ಪರವಾಗಿ ಒಂದು ಮಾತು. ಸಂಚುಗಳು ನಿಜಕ್ಕೂ ನಡೆಯುತ್ತವೆ. ಇದನ್ನು ಒಪ್ಪದೆ ಅವರ ಜೊತೆ ಮಾತಿಗೆ ಕೂರಬೇಡಿ. ಅಮೆರಿಕದ ಟಸ್ಕೀಗಿಯಲ್ಲಿ ಸರ್ಕಾರದ ಆರೋಗ್ಯ ಇಲಾಖೆಯೇ 1932ರಿಂದ 1972ರವರೆಗೆ 600 ಬಡ ಕಪ್ಪು ಗಂಡಸರನ್ನು ಸಿಫಿಲಿಸ್ ಎಂಬ ಲೈಂಗಿಕ ರೋಗದ ಅಧ್ಯಯನಕ್ಕೆ ಇಟ್ಟುಕೊಂಡಿತು. 399 ಜನರಿಗೆ ರೋಗವಿತ್ತು. ಅವರಿಗೆ ಹೇಳಿದ್ದು 'ಕೆಟ್ಟ ರಕ್ತ' ಎಂದು ಮಾತ್ರ. 1947ರ ಹೊತ್ತಿಗೆ ಪೆನಿಸಿಲಿನ್ ಎಲ್ಲೆಡೆ ಮದ್ದಾಗಿತ್ತು, ಇವರಿಗೆ ಕೊಡಲಿಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ 1953ರಲ್ಲಿ ಶುರುಮಾಡಿದ ಎಂಕೆ-ಅಲ್ಟ್ರಾ ಯೋಜನೆಯಲ್ಲಿ ಏನೂ ತಿಳಿಯದ ಜನರ ಮೇಲೆ ಮಾದಕ ದ್ರವ್ಯ ಪ್ರಯೋಗಿಸಿದರು. ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಶುದ್ಧವಾಗಿ ಓಡುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ವಾಹನಗಳಲ್ಲಿ ಕೂರಿಸಿತ್ತು. ಇಂಥದ್ದನ್ನು ಓದಿದವನಿಗೆ ಅನುಮಾನ ಬಂದರೆ ಅದು ಅವನ ತಪ್ಪಲ್ಲ.

ಇವು ಹೊರಬಿದ್ದ ಬಗೆಯನ್ನೂ ಅಣ್ಣನವರ ಜೊತೆ ಕೂತು ನೋಡಿ. ಟಸ್ಕೀಗಿಯ ವಿಷಯ ಬಯಲಿಗೆ ತಂದದ್ದು ಅದೇ ಇಲಾಖೆಯ ನೌಕರ. ಮೇಲಿನವರಿಗೆ ಬರೆದು ಬರೆದು ಸೋತು ಕೊನೆಗೆ ಪತ್ರಕರ್ತರಿಗೆ ಕೊಟ್ಟರು. ಎಂಕೆ-ಅಲ್ಟ್ರಾದ ಕಡತಗಳನ್ನು 1973ರಲ್ಲಿ ನಾಶಮಾಡಿಸಿದ್ದರೂ ಹಣಕಾಸಿನ ದಾಖಲೆಗಳ ನಡುವೆ ಸುಮಾರು 20,000 ಹಾಳೆಗಳು ಉಳಿದಿದ್ದವು, 1977ರಲ್ಲಿ ಸಿಕ್ಕವು. ಖರ್ಚಿನ ಬಿಲ್ಲು ಸುಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಫೋಕ್ಸ್‌ವ್ಯಾಗನ್ ಸಿಕ್ಕಿಬಿದ್ದದ್ದು ವಿಶ್ವವಿದ್ಯಾಲಯವೊಂದರ ಸಣ್ಣ ತಂಡ ಹೊಗೆ ಅಳೆಯುವ ಉಪಕರಣವನ್ನು ಕಾರಿನ ಹಿಂಬದಿಯಲ್ಲೇ ಕಟ್ಟಿಕೊಂಡು ಹೆದ್ದಾರಿಯಲ್ಲಿ ಓಡಿಸಿದ್ದರಿಂದ. ಒಂದು ಕಾರಿನ ನೈಟ್ರೋಜನ್ ಆಕ್ಸೈಡ್ ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚಿತ್ತು.

ಈ ಮೂರರಲ್ಲೂ ಗುರಿ ಸಣ್ಣದು: ಒಂದು ಅಧ್ಯಯನ, ಒಂದು ಯೋಜನೆ, ಒಂದು ಪರೀಕ್ಷೆಯಲ್ಲಿ ಪಾಸಾಗುವುದು. ಕೈಗಳು ಕಡಿಮೆ, ಕಾಗದ ಉಳಿದಿದೆ, ಒಳಗಿನವನೋ ಅಳತೆಯ ಉಪಕರಣವೋ ಮಾತಾಡಿದೆ. ತನಿಖೆ ಮುಂದುವರಿದಂತೆ ಹೆಸರು, ದಿನಾಂಕ, ಮೊತ್ತ ಖಚಿತವಾಗುತ್ತಾ ಕಥೆ ಕಿರಿದಾಗಿದೆ. ಸುಳ್ಳು ಕಥೆ ತಿರುಗುಮುರುಗು. ಪ್ರಶ್ನೆ ಕೇಳಿದಷ್ಟೂ ಹಿಗ್ಗುತ್ತದೆ. ವಿಜ್ಞಾನಿ ಅಲ್ಲಗಳೆದರೆ ಅವನೂ ಸಂಚಿನವನು, ಪತ್ರಿಕೆ ಬರೆಯದಿದ್ದರೆ ಪತ್ರಿಕೆಯೂ, ಪುರಾವೆ ಇಲ್ಲದಿದ್ದರೆ ಅದನ್ನು ಅಳಿಸಿದ್ದೇ ಪುರಾವೆ. ಅನುಮಾನ ಪಡುವುದರಲ್ಲಿ ನಿಮ್ಮ ಅಣ್ಣ ತಪ್ಪಿಲ್ಲ. ಆ ಅನುಮಾನವನ್ನು ಒಂದೇ ದಿಕ್ಕಿಗೆ ತಿರುಗಿಸಿ, ವಿಡಿಯೋ ಮಾಡಿದವನ ಮೇಲೆ ಒಂದು ಚೂರೂ ಪಡದೆ ಇರುವುದರಲ್ಲಿ ತಪ್ಪಿದ್ದಾರೆ.

ಹೇಗೆ ಮಾತಾಡುವುದು? ಗುಂಪಿನಲ್ಲಿ ಬೇಡವೇ ಬೇಡ. ನಾಲ್ಕು ಜನರೆದುರು ಸೋಲೊಪ್ಪುವುದು ಯಾರಿಗೂ ಆಗದು. ಇಬ್ಬರೇ ಇರುವಾಗ, ಒಂದೇ ವಿಷಯ, ಅರ್ಧ ಗಂಟೆ. "ಅಣ್ಣ, ಇದನ್ನು ನನಗೆ ಪೂರ್ತಿ ಬಿಡಿಸಿ ಹೇಳು" ಎಂದು ಶುರುಮಾಡಿ, ನಡುವೆ ಬಾಯಿ ಹಾಕಬೇಡಿ. ಎಷ್ಟು ಜನ ಸೇರಿರಬೇಕು, ಸಂಬಳ ಯಾವ ಖಾತೆಯಿಂದ, ಸಾಯುವ ಹಾಸಿಗೆಯಲ್ಲೂ ಒಬ್ಬನೂ ಬಾಯಿಬಿಡದಂತೆ ಹೇಗೆ ನೋಡಿಕೊಂಡರು ಎಂದು ಕೇಳಿ. ಗೊತ್ತಿದೆ ಅಂದುಕೊಂಡಿದ್ದನ್ನು ಹಂತಹಂತವಾಗಿ ವಿವರಿಸಲು ಹೋದಾಗಲೇ ನಮಗೆ ಎಷ್ಟು ಗೊತ್ತಿಲ್ಲ ಎಂದು ತಿಳಿಯುವುದು. ಜಿಪ್ ಹೇಗೆ ಕೆಲಸ ಮಾಡುತ್ತದೆ ಎಂದು ಬರೆಸಿ ಮನಶ್ಶಾಸ್ತ್ರಜ್ಞರು ಇದನ್ನು 2002ರಲ್ಲೇ ತೋರಿಸಿದ್ದಾರೆ. ಆಮೇಲೆ, ಯಾವ ಪುರಾವೆಯನ್ನೂ ಮುಂದಿಡುವ ಮೊದಲು, ಈ ಒಂದು ಪ್ರಶ್ನೆ: "ಏನು ಸಿಕ್ಕರೆ ಇದನ್ನು ಬಿಡುತ್ತೀಯ?" ಉತ್ತರವನ್ನು ಅವರ ಕೈಯಲ್ಲೇ ಕಾಗದದ ಮೇಲೆ ಬರೆಸಿ. ನಿಮ್ಮ ಕಡೆಯದನ್ನೂ ನೀವು ಬರೆಯಿರಿ. ಮೊದಲೇ ಬರೆದಿಡದಿದ್ದರೆ ಪುರಾವೆ ಬಂದಾಗ ಗೆರೆಯನ್ನು ಮುಂದಕ್ಕೆ ಎಳೆಯುವುದು ಸುಲಭ.

ಚಂದ್ರನ ವಿಷಯದಿಂದ ಶುರುಮಾಡುವುದು ಒಳ್ಳೆಯದು, ಯಾಕೆಂದರೆ ಅದರಲ್ಲಿ ಎಂಜಿನಿಯರರ ಕೈಗೆ ಕೊಡುವಂಥ ಸಾಮಗ್ರಿ ಇದೆ. ಗಾಳಿಯಿಲ್ಲದ ಕಡೆ ಬಾವುಟ ಹೇಗೆ ಬಿಚ್ಚಿಕೊಂಡಿದೆ ಎನ್ನುತ್ತಾರೆ. ಅದರ ಮೇಲಂಚಿಗೆ ಅಡ್ಡ ಕೋಲು ತೂರಿಸಿದ್ದರು. ಮನುಷ್ಯರನ್ನು ಮೊದಲು ಇಳಿಸಿದ ಅಮೆರಿಕದ ಅಪೊಲೊ 11 ಯಾನದಲ್ಲಿ ಕೋಲು ಪೂರ್ತಿ ಚಾಚಿಕೊಳ್ಳಲಿಲ್ಲ, ಹಾಗಾಗಿ ಬಟ್ಟೆ ನೆರಿಗೆಯಾಗಿ ಅಲೆಯಂತೆ ಕಂಡಿತು. ಕಂಬ ತಿರುಗಿಸುವಾಗ ಅಲುಗಿದ ಬಟ್ಟೆ, ತಡೆಯುವ ಗಾಳಿಯಿಲ್ಲದ್ದರಿಂದ ಇನ್ನಷ್ಟು ಹೊತ್ತು ತೂಗುತ್ತದೆ. ಆಕಾಶದಲ್ಲಿ ನಕ್ಷತ್ರ ಯಾಕಿಲ್ಲ? ಅಲ್ಲಿ ಹಗಲಿತ್ತು, ಬಿಸಿಲಿಗೆ ಬೆಳಗುವ ನೆಲಕ್ಕೂ ಬಿಳಿ ಉಡುಪಿಗೂ ತಕ್ಕಂತೆ ಕ್ಯಾಮೆರಾ ಇಟ್ಟಿದ್ದರು. ರಾತ್ರಿ ಜೋರು ದೀಪದಡಿ ಯಾರನ್ನಾದರೂ ನಿಲ್ಲಿಸಿ, ಫೋನಿನಲ್ಲಿ ಎಕ್ಸ್‌ಪೋಶರನ್ನು ಮುಖಕ್ಕೆ ಹೊಂದಿಸಿ ಫೋಟೋ ತೆಗೆಯಲು ಅಣ್ಣನಿಗೇ ಹೇಳಿ. ಹಿಂದೆ ಎಷ್ಟು ನಕ್ಷತ್ರ ಬಂತು ಎಂದು ಇಬ್ಬರೂ ಎಣಿಸಿ.

ಚಂದ್ರನ ಮೇಲೆ ಬಿಟ್ಟುಬಂದ ಕನ್ನಡಿಗಳಿಗೆ ಇಂದಿಗೂ ಲೇಸರ್ ಹೊಡೆಯುತ್ತಾರೆ, ಬೆಳಕು ಸುಮಾರು ಎರಡೂವರೆ ಸೆಕೆಂಡಿನಲ್ಲಿ ಹಿಂದಿರುಗುತ್ತದೆ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿರುವುದನ್ನು ಹಾಗೇ ಅಳೆದದ್ದು. ಆದರೆ ಈ ವಾದವನ್ನು ಮುಂದಿಡಬೇಡಿ. ರಷ್ಯನ್ನರು ಮನುಷ್ಯರಿಲ್ಲದ ಲೂನೊಖೋಡ್ ಗಾಡಿಯಲ್ಲೂ ಇಂಥ ಕನ್ನಡಿ ಕಳಿಸಿದ್ದರು. ನಿಮ್ಮ ಅಣ್ಣ ಅದನ್ನು ಎತ್ತಿದರೆ ನಿಮ್ಮ ಮಾತು ಬಿದ್ದುಹೋಗುತ್ತದೆ. ಕಲ್ಲುಗಳ ವಾದ ಗಟ್ಟಿ. 1969ರಿಂದ 1972ರವರೆಗೆ ಆರು ಯಾನಗಳು ತಂದದ್ದು 382 ಕಿಲೋ. ಸೋವಿಯತ್ ಒಕ್ಕೂಟದ ಮೂರು ರೋಬಾಟ್ ನೌಕೆಗಳು ಒಟ್ಟು ತಂದದ್ದು ಅರ್ಧ ಕಿಲೋಗೂ ಕಡಿಮೆ. ಅಪೊಲೊ ತಂದ ಕಲ್ಲುಗಳ ಮೇಲೆ ಸೂಕ್ಷ್ಮ ಉಲ್ಕಾಕಣ ಬಡಿದ ಚಿಕ್ಕ ಕುಳಿಗಳಿವೆ. ವಾತಾವರಣವಿರುವ ಭೂಮಿಯ ಕಲ್ಲಿಗೆ ಅವು ಬೀಳವು. ಇನ್ನೂ ಒಂದು: ಅಪೊಲೊ 11 ಇಳಿದ ದಿನ ಸೋವಿಯತ್ತಿನ ಲೂನಾ 15 ನೌಕೆ ಚಂದ್ರನನ್ನೇ ಸುತ್ತುತ್ತಿತ್ತು, ಮರುದಿನ ಅಪ್ಪಳಿಸಿ ನಾಶವಾಯಿತು. ಸುಳ್ಳಾಗಿದ್ದರೆ ಅದನ್ನು ಸಾರಿ ಹೇಳಲು ಅವರಿಗಿಂತ ತವಕವಿದ್ದವರು ಯಾರು?

ವಿಮಾನದ ಗೆರೆ ಬೇಗ ಮುಗಿಯುವ ವಿಷಯ. ಎಂಜಿನ್ನಿನಿಂದ ಹೊರಬರುವ ನೀರಾವಿ ಸೊನ್ನೆಗಿಂತ 40 ಡಿಗ್ರಿ ಆಸುಪಾಸು ಕೆಳಗಿನ ಚಳಿಯಲ್ಲಿ ಹಿಮದ ಹರಳಾಗುತ್ತದೆ. ಮೇಲಿನ ಗಾಳಿ ಒಣಗಿದ್ದರೆ ಗೆರೆ ಕ್ಷಣದಲ್ಲಿ ಮಾಯ, ತೇವವಿದ್ದರೆ ಗಂಟೆಗಟ್ಟಲೆ ನಿಂತು ಹರಡುತ್ತದೆ.

ನಿಜ ಹೇಳಿದರೆ ಇನ್ನೂ ಹಟ ಹಿಡಿಯುತ್ತಾರೆ ಎಂದು ಹೆದರಬೇಡಿ. ಆ ಭಯ 2010ರ ಅಧ್ಯಯನವೊಂದರಿಂದ ಹಬ್ಬಿತ್ತು. 10,000ಕ್ಕೂ ಹೆಚ್ಚು ಜನರನ್ನು 52 ವಿಷಯಗಳಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ಆ ಹಟ ಹೆಚ್ಚುಕಡಿಮೆ ಕಾಣಲೇ ಇಲ್ಲ. ಸುಳ್ಳನ್ನು ಮೊದಲು ಹೇಳಿ ಆಮೇಲೆ ಅಲ್ಲಗಳೆಯಬೇಡಿ. ನಿಜದಿಂದ ಶುರುಮಾಡಿ, ಸುಳ್ಳನ್ನು ಒಮ್ಮೆ ಮಾತ್ರ ಹೆಸರಿಸಿ, ಅದು ಎಲ್ಲಿ ಜಾರಿತು ಎಂದು ತೋರಿಸಿ, ಮತ್ತೆ ನಿಜಕ್ಕೆ ಬನ್ನಿ. ಅವತ್ತೇ ಅವರು ಒಪ್ಪಬೇಕೆಂದು ಕಾಯಬೇಡಿ. 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 2,190 ಜನ ತಾವು ನಂಬಿದ ಸಂಚಿನ ಬಗ್ಗೆ ಕೃತಕ ಬುದ್ಧಿಮತ್ತೆಯ ಜೊತೆ ಮೂರು ಸುತ್ತು ಮಾತಾಡಿದರು. ಅದು ಬೈಯಲಿಲ್ಲ, ಸುಸ್ತಾಗಲಿಲ್ಲ, ಪ್ರತಿಯೊಬ್ಬರು ಕೊಟ್ಟ ಕಾರಣಕ್ಕೇ ಉತ್ತರ ಕೊಟ್ಟಿತು. ನಂಬಿಕೆ ಸರಾಸರಿ ಶೇ. 20ರಷ್ಟು ಇಳಿಯಿತು, ಎರಡು ತಿಂಗಳ ನಂತರವೂ ಹಾಗೇ ಇತ್ತು. ಇಷ್ಟು ಇಳಿದರೆ ಅದು ದೊಡ್ಡ ಕೆಲಸ. ಉಳಿದದ್ದಕ್ಕೆ ಮುಂದಿನ ಭಾನುವಾರವಿದೆ.

ಮಕ್ಕಳ ಮಾತಿಗೆ ಬರೋಣ. ವಾಟ್ಸ್‌ಆ್ಯಪ್ ಗುಂಪಿನಿಂದ ಅವರನ್ನು ತೆಗೆಯಬೇಡಿ. ತೆಗೆದ ಮರುಗಳಿಗೆ ಅವರಿಗೆ ಉಳಿಯುವುದು ಆ ಇನ್ನೊಂದು ಗುಂಪು ಮಾತ್ರ. ಅವರು ಕಳಿಸಿದ ವಿಡಿಯೋಗೆ ಗುಂಪಿನಲ್ಲಿ ಯಾರೂ ಉತ್ತರಿಸಬೇಡಿ, ಗೇಲಿಯ ಚಿತ್ರ ಹಾಕುವುದಂತೂ ಬೇಡವೇ ಬೇಡ. ರಾತ್ರಿ ಹತ್ತರ ಮೇಲೆ ಅವರಿಗೆ ನಿದ್ದೆ ಬರುವುದಿಲ್ಲವೆಂದಾದರೆ ಆ ಹೊತ್ತಿಗೆ ನೀವೇ ಫೋನ್ ಮಾಡಿ. ಚಂದ್ರನ ಮಾತು ಎತ್ತಬೇಡಿ, ಅತ್ತಿಗೆಯ ಮಾತೆತ್ತಿ.